ಕಚ್ಚಿಕೊಂಡ ಬ್ಲೀಡಿಂಗ್ ನಿಪ್ಪಲ್‌ಗಳು: ಬದಿಯಡ್ಕ ಕಡೆಯ ಒಂದು ವರ್ಕ್‌ಶಾಪಿನ ಅನುಭವ

ನನ್ನದು 2004ರ ಮಾರುತಿ ಓಮ್ನಿ, ಕೆ.ಎಲ್. 14 (ಕಾಸರಗೋಡು) ನೋಂದಣಿ. 15 ವರ್ಷ ಕಳೆದ ಖಾಸಗಿ ವಾಹನದ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ, ಎರಡನೆಯ ಸಲದ ತಪಾಸಣೆಗೆ ಮುಂಚೆ ಬ್ರೇಕ್ ಸರಿಪಡಿಸಲೇಬೇಕಾಗಿತ್ತು. ಪೆಡಲ್ ಮೊದಲ ಸಲಕ್ಕೆ ಅರ್ಧಕ್ಕಿಂತ ಕೆಳಗಿಳಿದು, ಎರಡು ಸಲ ಪಂಪ್ ಮಾಡಿದ ಮೇಲಷ್ಟೇ ಹಿಡಿಯುತ್ತಿತ್ತು. ಹಳೆಯ ಬ್ರೇಕ್ ಆಯಿಲ್ ಬದಲಿಸಿ, ಪೈಪಿನೊಳಗೆ ಸೇರಿದ ಗಾಳಿ, ಅಂದರೆ ಏರ್ ತೆಗೆಯೋಣವೆಂದರೆ, ಅದಕ್ಕಾಗಿ ಸಡಿಲಿಸಬೇಕಾದ ನಾಲ್ಕು ಚಕ್ರಗಳ ನಿಪ್ಪಲ್‌ಗಳೂ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಮೊದಲು ತೋರಿಸಿದ ಒಂದು ಕಡೆ ಹುಡುಗನೊಬ್ಬ ಓಪನ್ ಸ್ಪ್ಯಾನರ್ ಹಾಕಿ ಜಗ್ಗಿ, ಹಿಂದಿನ ಬಲಗಡೆಯ ನಿಪ್ಪಲಿನ ಆರು ಮೂಲೆಗಳನ್ನೂ ಸವೆಸಿ ಉರುಟು ಮಾಡಿದ್ದಲ್ಲದೆ, ಎಲ್ಲವನ್ನೂ ಹೊಸತು ಹಾಕಬೇಕೆಂದು ಹೇಳಿ ಕಳುಹಿಸಿದ.

ಆಮೇಲೆ ನಾನು ಹೋದದ್ದು ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಹೋಗುವಾಗ ಸಿಗುವ, ಶೀಟು ಹೊದೆಸಿದ ಒಂದು ಚಿಕ್ಕ ವರ್ಕ್‌ಶಾಪಿಗೆ. ಅಲ್ಲಿನ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ಹಿಂದಿನ ಡ್ರಮ್ ಬಿಚ್ಚಿ ಲೈನರ್ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂವಿನ ಮೇಲಿನ ಪದರ) ನೋಡಿದರು. ‘ಪಂಪ್ ಮಾಡಿದರೆ ಏರುವ ಪೆಡಲಿಗೆ ಏರ್ ಒಂದೇ ಕಾರಣ ಅಲ್ಲ ಮಾಷ್ಟ್ರೇ, ಶೂ ಸವೆದು ಗ್ಯಾಪ್ ಹೆಚ್ಚಾದರೂ ಹೀಗೇ ಆಗುತ್ತದೆ’ ಎಂದರು. ಲೈನರ್ ಸಾಕಷ್ಟಿತ್ತು, ಅಡ್ಜಸ್ಟ್ ಮಾಡಿದ ಮೇಲೆ ಪೆಡಲ್ ತುಸು ಮೇಲೆ ಬಂದರೂ ಮೆತ್ತಗೇ ಇತ್ತು.

ನಿಪ್ಪಲ್ ಎಂದರೆ ಒಳಗೆ ಟೊಳ್ಳಾದ ಸಣ್ಣ ಸ್ಕ್ರೂ. ಅದರ ಚೂಪು ತುದಿ ತೂತಿನ ಬುಡದ ಸೀಟಿನ, ಅಂದರೆ ಅದು ಕೂರುವ ಜಾಗದ ಮೇಲೆ ಕೂತು ಆಯಿಲನ್ನು ತಡೆಯುತ್ತದೆ. ಮೇಲಿನ ರಬ್ಬರ್ ಟೊಪ್ಪಿ ಕಳೆದುಹೋದರೆ ಕೆಸರುನೀರು ತೂತಿಗೂ ಥ್ರೆಡ್ಡಿಗೂ ಇಳಿದು ತುಕ್ಕು ಕಟ್ಟುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ನನ್ನ ಗಾಡಿಯ ನಾಲ್ಕರಲ್ಲಿ ಒಂದಕ್ಕೂ ಟೊಪ್ಪಿ ಇರಲಿಲ್ಲ.

ವೈರ್ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಅವರು ಆ ದಿನಕ್ಕೆ ಕೆಲಸ ನಿಲ್ಲಿಸಿಯೇ ಬಿಟ್ಟರು. ಮರುದಿನ ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಕೂರಿಸಿ, ಸುತ್ತಿಗೆಯಿಂದ ಹಗುರವಾಗಿ ಬಡಿದು, ಮೊದಲು ಕೂದಲೆಳೆಯಷ್ಟು ಬಿಗಿಗೊಳಿಸಿ ನಂತರ ಸಡಿಲಿಸುತ್ತ, ಹೀಗೆ ಹಿಂದೆ ಮುಂದೆ ಆಡಿಸಿ ಮುಂದಿನ ಎರಡನ್ನೂ ತೆಗೆದರು. ಹಿಂದಿನ ಬಲಗಡೆಯದಕ್ಕೆ ಸಾಕೆಟ್ ಹಿಡಿಯುವಂತಿರಲಿಲ್ಲ. ತೂತಿಗೆ ಸರಿಹೊಂದುವ ಡ್ರಿಲ್ ಬಿಟ್ಟಿನ ಹಿಂಭಾಗವನ್ನು ಒಳಕ್ಕೆ ತುರುಕಿ, ಅದರ ಮೇಲಿಂದ ವೈಸ್ ಗ್ರಿಪ್ (ಬಿಗಿಯಾಗಿ ಕಚ್ಚಿ ಹಿಡಿಯುವ ಇಕ್ಕಳ) ಕಚ್ಚಿಸಿದರು. ಟೊಳ್ಳು ನಿಪ್ಪಲನ್ನು ಹಾಗೆಯೇ ಅಮುಕಿದರೆ ಅದು ಚಪ್ಪಟೆಯಾಗಿ ತುಂಡಾಗುತ್ತದಂತೆ. ‘ಟಕ್’ ಎಂಬ ಒಣ ಸದ್ದು ಬಂದಾಗ ಮುರಿಯಿತೆಂದೇ ನಾನು ತಿಳಿದೆ, ಸಡಿಲವಾದದ್ದಾಗಿತ್ತು.

ಹಿಂದಿನ ಎಡಗಡೆಯದು ಜಪ್ಪಯ್ಯ ಅನ್ನಲಿಲ್ಲ. ಗ್ಯಾಸ್ ಬೆಂಕಿ ತೋರಿಸಬಾರದೇ ಎಂದು ಕೇಳಿದೆ. ಒಳಗಿನ ರಬ್ಬರ್ ಕಪ್ ಸುಡುತ್ತದೆ, ಬ್ರೇಕ್ ಆಯಿಲಿಗೂ ಬೆಂಕಿ ಹತ್ತಬಹುದು ಎಂದು ಅವರು ಒಪ್ಪಲಿಲ್ಲ. ಆಯಿಲಿನ ಒತ್ತಡದಿಂದ ಶೂಗಳನ್ನು ತಳ್ಳುವ ಆ ಚಕ್ರದ ಸಿಲಿಂಡರಿನ ಬೂಟ್ (ರಬ್ಬರ್ ಹೊದಿಕೆ) ಎತ್ತಿ ತೋರಿಸಿದಾಗ ಒಳಗೆ ಒದ್ದೆಯಿತ್ತು. ಹೇಗೂ ಸೋರಲು ತೊಡಗಿದ ಸಿಲಿಂಡರಿನ ನಿಪ್ಪಲಿಗಾಗಿ ಒದ್ದಾಡುವುದರಲ್ಲಿ ಅರ್ಥವಿಲ್ಲವೆಂದು ಆ ಸಿಲಿಂಡರನ್ನು ಮಾತ್ರ ಬದಲಿಸಿದರು. ಅಲ್ಲಿಯೂ ಪೈಪಿನ ನಟ್ಟು ಕಚ್ಚಿತ್ತು. ನಟ್ಟಿನ ಜೊತೆ ಪೈಪ್ ತಿರುಚಿದರೆ ಹೊಸ ಪೈಪನ್ನೂ ಹಾಕಬೇಕಾಗುತ್ತಿತ್ತು. ಅದಕ್ಕೆಂದೇ ಇರುವ ಸ್ಪ್ಯಾನರಿನಿಂದ ಅರ್ಧ ಗಂಟೆ ತಾಳ್ಮೆಯಿಂದ ಬಿಡಿಸಿದರು.

ಏರ್ ತೆಗೆಯುವಾಗ ಪೆಡಲಿನ ಅಡಿಗೆ ಮರದ ತುಂಡೊಂದನ್ನು ಇಟ್ಟದ್ದು ನನಗೆ ಹೊಸತು. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದಾದರೆ ಅದರಲ್ಲಿ ಪಿಸ್ಟನ್ ಎಂದೂ ತಲುಪದ ಕೊನೆಯ ಭಾಗ ಒರಟಾಗಿರುತ್ತದೆ. ಪೆಡಲನ್ನು ತಳಮುಟ್ಟ ಒತ್ತಿದರೆ ಸೀಲ್ ಅಲ್ಲಿಗೆ ಉಜ್ಜಿ ಹಾಳಾಗಬಹುದು. ಹೊರಬಂದ ಆಯಿಲ್ ಹಾಲು ಹಾಕದ ಕಟ್ಟಂಚಹದ ಬಣ್ಣಕ್ಕೆ ತಿರುಗಿತ್ತು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿರುವಾಗ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಗಾಳಿಯ ತೇವ ಹೀರಿದ ಆಯಿಲಿಗೆ ಅದೇ ಮಾನದಂಡದಲ್ಲಿ 140 ಡಿಗ್ರಿ ಸಾಕು. ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಹಿಡಿಯುವುದಿಲ್ಲವಾದ್ದರಿಂದ ಘಟ್ಟ ಇಳಿಯುವವರು ಇದನ್ನು ಗಮನಿಸಬೇಕು. ಮೊಹರು ಒಡೆಯದ ಡಬ್ಬವನ್ನು ಅವರು ನನ್ನೆದುರೇ ತೆರೆದರು.

ಸಿಲಿಂಡರ್, ಆಯಿಲ್, ಮೂರು ಹೊಸ ನಿಪ್ಪಲ್, ನಾಲ್ಕು ಟೊಪ್ಪಿ, ಮಜೂರಿ ಸೇರಿ 2,150 ರೂಪಾಯಿ ಆಯಿತು. ಆಕ್ಷೇಪಗಳೂ ಇವೆ. ಒಂದು ದಿನವೆಂದದ್ದು ಎರಡೂವರೆ ದಿನವಾಯಿತು, ಆ ನಡುವೆ ಫೋನ್ ಎತ್ತಲಿಲ್ಲ. ಬೋರ್ಡಿನಲ್ಲಿ ಕನ್ನಡವಿದ್ದರೂ ಬಿಲ್ ಬರೆದದ್ದು ಮಲಯಾಳದಲ್ಲಿ. ಕೇಳಿದ ಮೇಲೆ ಸಾಲು ಸಾಲಾಗಿ ಓದಿ ಹೇಳಿದರು. ವಾರದ ನಂತರ ಮುಂದಿನ ಎಡಗಡೆಯ ನಿಪ್ಪಲಿನ ಬುಡದಲ್ಲಿ ಆಯಿಲ್ ಜಿನುಗಿದಾಗ ಪುನಃ ಹೋದೆ. ಸೀಟಿನಲ್ಲಿ ಸಿಕ್ಕಿದ್ದ ತುಕ್ಕಿನ ಹರಳನ್ನು ತೆಗೆದು, ಮತ್ತೆ ಏರ್ ತೆಗೆದು ಕೊಟ್ಟರು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.