ಉರಿಮೂತ್ರಕ್ಕೆ ಅಂಗಡಿ ಮಾತ್ರೆ: ಕಲ್ಚರ್ ಪರೀಕ್ಷೆಗೆ ಮೊದಲು ನುಂಗಬೇಡಿ

ಉರಿಮೂತ್ರವೆಂದರೆ ಉಷ್ಣ, ಬಾರ್ಲಿ ನೀರು ಕುಡಿದರೆ ಇಳಿಯುತ್ತದೆ, ಇಳಿಯದಿದ್ದರೆ ಪೇಟೆಯ ಔಷಧಿ ಅಂಗಡಿಯವರೇ ಮಾತ್ರೆ ಕೊಡುತ್ತಾರೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಸಿದ್ದಾಪುರದ ಸಮೀಪ ತೋಟದಲ್ಲಿರುವ ನನ್ನ ಅತ್ತಿಗೆ ಇದರಿಂದ ಪಟ್ಟ ಪಾಡನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಕಾಫಿ ಕೊಯ್ಲಿನ ದಿನಗಳಲ್ಲಿ ಅವರಿಗೆ ಉರಿಮೂತ್ರ ಶುರುವಾಯಿತು. ಆಳುಗಳ ಲೆಕ್ಕ, ಕಣದ ಕೆಲಸ ಬಿಟ್ಟು ಮಡಿಕೇರಿಗೆ ಹೋಗಿಬರುವಷ್ಟು ಬಿಡುವಿರಲಿಲ್ಲ. ಅಂಗಡಿಯವರು ವೈದ್ಯರ ಚೀಟಿ ಕೇಳದೆ ಮಾತ್ರೆಯ ಹಾಳೆಯಿಂದ ಒಂದು ತುಂಡನ್ನು ಕತ್ತರಿಸಿ ಕೊಟ್ಟರು. ಆ ತುಂಡನ್ನು ನಾನು ನೋಡಿದ್ದೇನೆ: ಔಷಧದ ಹೆಸರೂ ಅವಧಿ ಮುಗಿಯುವ ದಿನಾಂಕವೂ ಅಂಗಡಿಯಲ್ಲೇ ಉಳಿದು, ಚೀಟಿಯಿಲ್ಲದೆ ಕೊಳ್ಳಬಾರದೆಂದು ಎಚ್ಚರಿಸುವ ಕೆಂಪು ಗೆರೆ ಮಾತ್ರ ನಮ್ಮ ಪಾಲಿಗೆ ಬಂದಿತ್ತು. ಅದು ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧ) ಎಂದು ತಿಳಿಯಲು ಮುಂದೆ ಆ ಅಂಗಡಿಗೇ ಫೋನು ಮಾಡಬೇಕಾಯಿತು.

ಉರಿ ತಗ್ಗಿದಂತಾಗಿ ಮರುಕಳಿಸಿತು. ಎರಡನೆಯ ಸಲ ಸೆಫಿಕ್ಸಿಮ್ ಎಂಬ ಇನ್ನೊಂದು ಆಂಟಿಬಯೋಟಿಕ್ ಕೊಟ್ಟರು. ಇದು 2014ರಿಂದ ಎಚ್1 ಅನುಸೂಚಿಯಲ್ಲಿ, ಅಂದರೆ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಸರ್ಕಾರಿ ಪಟ್ಟಿಯೊಂದರಲ್ಲಿ ಇದೆ. ಮಾರುವವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು, ಅದನ್ನು 3 ವರ್ಷ ಕಾಪಾಡಬೇಕು. ಇಲ್ಲಿ ಹೆಸರು ಕೇಳಿದವರೇ ಇಲ್ಲ. ಕೊನೆಗೆ ಚಳಿಜ್ವರ, ವಾಂತಿ, ಪಕ್ಕೆನೋವು ಬಂದು ಮೈಸೂರಿನ ಆಸ್ಪತ್ರೆಗೆ ಸೇರಿಸಿದಾಗ, ಸೋಂಕು ಮೂತ್ರಪಿಂಡಕ್ಕೆ ಏರಿತ್ತು.

ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಕಲ್ಚರ್ ಪರೀಕ್ಷೆಯ ವರದಿಯಲ್ಲಿ ಇ. ಕೋಲಿ ಎಂದಿತ್ತು; ಮೂತ್ರದ ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಕರುಳಿನಿಂದ ಬರುವ ಈ ಬ್ಯಾಕ್ಟೀರಿಯಾವೇ ಕಾರಣ. ವರದಿಯ ಕೆಳಗಿದ್ದ ಔಷಧಗಳ ಪಟ್ಟಿಯಲ್ಲಿ ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸಿಮ್, ಮತ್ತೊಂದು ಆಂಟಿಬಯೋಟಿಕ್ ಆದ ಕೋಟ್ರೈಮೊಕ್ಸಜೋಲ್ ಮೂರರ ಮುಂದೆಯೂ ‘ಆರ್’, ಅಂದರೆ ಔಷಧಕ್ಕೆ ಬಗ್ಗದು. ಪೆನ್ಸಿಲಿನ್ ಮತ್ತು ಸೆಫಲೊಸ್ಪೊರಿನ್ ಗುಂಪಿನ ಹಲವು ಔಷಧಗಳನ್ನು ಒಡೆದುಹಾಕುವ ಇಎಸ್‌ಬಿಎಲ್ ಎಂಬ ಕಿಣ್ವವನ್ನು ಆ ಬ್ಯಾಕ್ಟೀರಿಯಾ ತಯಾರಿಸುತ್ತಿತ್ತು. ಈ ಶಕ್ತಿಯ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಅನಗತ್ಯವಾಗಿ ನುಂಗಿದ ಮಾತ್ರೆ ಕರುಳಿನಲ್ಲಿರುವ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು ಇಂಥವಕ್ಕೆ ಜಾಗ ಬಿಟ್ಟುಕೊಡುತ್ತದೆ.

ಹೊಟ್ಟೆ ಉರಿಸಿದ ಸಂಗತಿ ಬೇರೆಯೇ ಇದೆ. ಅದೇ ಪಟ್ಟಿಯಲ್ಲಿ ಹಳೆಯ ಮಾತ್ರೆಯಾದ ನೈಟ್ರೊಫ್ಯುರಾಂಟೊಯಿನ್ ಮುಂದೆ ‘ಎಸ್’, ಅಂದರೆ ಔಷಧಕ್ಕೆ ಬಗ್ಗುತ್ತದೆ, ಎಂದಿತ್ತು. ಸೋಂಕು ಮೂತ್ರಕೋಶದಲ್ಲೇ ಇದ್ದಾಗ ಪರೀಕ್ಷೆಯಾಗಿದ್ದರೆ ಬಹುಶಃ ಅದೇ ಸಾಕಾಗುತ್ತಿತ್ತು. ಆದರೆ ಆ ಔಷಧ ಮೂತ್ರದಲ್ಲಿ ಸಾಂದ್ರವಾಗುತ್ತದೆಯೇ ಹೊರತು ಮೂತ್ರಪಿಂಡದ ಅಂಗಾಂಶದಲ್ಲಿ ಸಾಕಷ್ಟು ಮಟ್ಟಕ್ಕೆ ಏರುವುದಿಲ್ಲ. ಹೀಗಾಗಿ 8 ಗಂಟೆಗೊಮ್ಮೆ ರಕ್ತನಾಳಕ್ಕೆ ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್ ಕೊಡಬೇಕಾಯಿತು.

ಆದ್ದರಿಂದ ಆಂಟಿಬಯೋಟಿಕ್‌ನ ಮೊದಲ ಗುಳಿಗೆಗೂ ಮುಂಚೆ ವೈದ್ಯರನ್ನು ಕಂಡು, ಕಲ್ಚರ್ ಬೇಕೇ ಎಂದು ಕೇಳಿ, ಮರುಕಳಿಸಿದ್ದರಂತೂ ಬಿಡಬೇಡಿ. ಮೊದಲು ಬರುವ ಮೂತ್ರವನ್ನು ಬಿಟ್ಟು ನಡುವಿನದನ್ನು ಪ್ರಯೋಗಾಲಯ ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. 2 ಗಂಟೆಯೊಳಗೆ ತಲುಪಿಸಬೇಕು. ತೋಟದಿಂದ ದೂರವಾದರೆ ಫ್ರಿಜ್‌ನಲ್ಲಿಡಬೇಕು. ಫಲಿತಾಂಶಕ್ಕೆ ಎರಡು ಮೂರು ದಿನ ಹಿಡಿಯುತ್ತದೆ, ಆದರೆ ಮಾದರಿ ಕೊಟ್ಟ ಕೂಡಲೇ ವೈದ್ಯರು ಚಿಕಿತ್ಸೆ ಆರಂಭಿಸಿ, ವರದಿ ಬಂದ ಮೇಲೆ ಔಷಧ ಬದಲಿಸಬಹುದು. ಜ್ವರ, ಪಕ್ಕೆನೋವು ಇದ್ದವರೂ ಗರ್ಭಿಣಿಯರೂ ಕೊಯ್ಲು ಮುಗಿಯಲೆಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.