ಲಿನಕ್ಸ್ ಇರುವವರು ಇಂಟರ್ನಲ್ ಮೋಡೆಮ್ ತಗೊಳ್ಳುವ ಮೊದಲು ಇದನ್ನು ಓದಿ

ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಾತ್ರ ಇದ್ದು, ಇಂಟರ್ನೆಟ್ಟಿಗೆ ಫೋನ್ ಲೈನೇ ಗತಿ ಅಂತಿದ್ದರೆ, ಅಂಗಡಿಯವರ ಬಾಯಿಮಾತು ನಂಬಿ ಪಿಸಿಐ ಮೋಡೆಮ್ ಕಾರ್ಡ್ (ಫೋನ್ ಲೈನಿನಿಂದ ಇಂಟರ್ನೆಟ್ ಕೊಡುವ, ಕಂಪ್ಯೂಟರಿನ ಒಳಗೆ ಸಿಕ್ಕಿಸುವ ಕಾರ್ಡ್) ತರಬೇಡಿ. ಉಡುಪಿಯ ಒಂದು ಅಂಗಡಿಯಲ್ಲಿ ನಾನು ಲಿನಕ್ಸ್‌ಗೆ ಬೇಕು ಅಂತ ಹೇಳಿಯೇ ಕೇಳಿದ್ದೆ. "ಎಲ್ಲದಕ್ಕೂ ಆಗ್ತದೆ ಮಾರಾಯ್ರೆ, ಎಂತ ತೊಂದರೆ ಇಲ್ಲ" ಅಂದರು. ಮನೆಗೆ ತಂದು ಹಾಕಿ, ಲಿನಕ್ಸ್‌ನಲ್ಲಿ ಡಯಲ್ ಮಾಡುವ ಪ್ರೋಗ್ರಾಂ ಆದ ಡಬ್ಲ್ಯೂವಿಡಯಲ್‌ನಲ್ಲಿ ಹುಡುಕಿಸಿದರೆ ಮೋಡೆಮೇ ಸಿಗಲಿಲ್ಲ. ವಾಪಸ್ ಒಯ್ದಾಗ ಅವರು ಅದನ್ನು ತಮ್ಮ ವಿಂಡೋಸ್ ಕಂಪ್ಯೂಟರಿಗೆ ಹಾಕಿ ಓಡಿಸಿ ತೋರಿಸಿದರು. "ನೋಡಿ, ಮಾಲು ಸರಿ ಉಂಟು, ನಿಮ್ಮ ಲಿನಕ್ಸೇ ಸರಿ ಇಲ್ಲ." ದುಡ್ಡು ಕೊಡಲಿಲ್ಲ.

ಈ ಮಾತು ಶುದ್ಧ ತಪ್ಪು. ಪೂರ್ತಿ ಮೋಡೆಮ್ ಆದರೆ ಲೈನಿನ ಸದ್ದನ್ನು ಡೇಟಾ ಮಾಡುವ ಕೆಲಸ ಅದರೊಳಗಿನ ಚಿಪ್‌ಗಳದ್ದು, ಕಂಪ್ಯೂಟರ್ ನಂಬರ್ ಹೇಳಿದರೆ ಸಾಕು. ಈ ಅಗ್ಗದ ಕಾರ್ಡುಗಳಲ್ಲಿ, ಅಂದರೆ ವಿನ್‌ಮೋಡೆಮ್‌ಗಳಲ್ಲಿ, ಆ ಕೆಲಸವನ್ನು ಡ್ರೈವರು (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಸಿಪಿಯುವಿನಿಂದ ಮಾಡಿಸುತ್ತದೆ. ಡ್ರೈವರ್ ಬರೆದಿರುವುದು ವಿಂಡೋಸ್‌ಗೆ. ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ: ಒಂದು ದೊಡ್ಡ ಚಿಪ್, ಫೋನ್ ವಯರಿನ ಎರಡು ತೂತು, ಉಳಿದದ್ದು ಹೆಚ್ಚುಕಮ್ಮಿ ಖಾಲಿ. ಪೆಟ್ಟಿಗೆಯ ಮೇಲೆ ಇಂತಿಷ್ಟು ವೇಗದ ಪೆಂಟಿಯಂ ಬೇಕು ಅಂತ ಬರೆದಿದ್ದರೆ ಅಲ್ಲೇ ಅನುಮಾನ ಪಡಿ. ಮೋಡೆಮ್ಮಿಗೆ ಪ್ರೊಸೆಸರ್ ಯಾಕೆ ಬೇಕು, ಅಲ್ವಾ?

ಹಾಗಂತ ಎಲ್ಲವೂ ದಂಡ ಅಲ್ಲ. 'ಎಲ್‌ಎಸ್‌ಪಿಸಿಐ' ಅನ್ನುವ ಕಮಾಂಡ್ ಕೊಟ್ಟು ಚಿಪ್ ಯಾರದ್ದು ನೋಡಿ, ಪೆಟ್ಟಿಗೆಯ ಮೇಲಿನ ಹೆಸರು ಲೆಕ್ಕಕ್ಕಿಲ್ಲ. ಲೂಸೆಂಟ್, ಸ್ಮಾರ್ಟ್‌ಲಿಂಕ್ ಚಿಪ್‌ಗಳಲ್ಲಿ ಹಲವಕ್ಕೆ ಆಗ ಲಿನಕ್ಸ್ ಡ್ರೈವರ್ ಇತ್ತು. ಕೋನೆಕ್ಸೆಂಟ್‌ಗೂ ಇತ್ತು, ಆದರೆ ಪುಕ್ಕಟೆ ಸಿಗುತ್ತಿದ್ದದ್ದು 14.4 ಕೆಬಿಪಿಎಸ್ ವೇಗದ್ದು ಮಾತ್ರ, 56ರ ಪೂರ್ತಿ ವೇಗ ಬೇಕಾದರೆ ದುಡ್ಡು ಕಟ್ಟಬೇಕಿತ್ತು.

ನನ್ನದರಲ್ಲಿದ್ದದ್ದು ಸ್ಮಾರ್ಟ್‌ಲಿಂಕ್. ಡ್ರೈವರಿನ ಒಂದು ಭಾಗ ಮುಚ್ಚಿದ್ದು (ಅದರ ಮೂಲ ಕೋಡ್ ಸಿಗುವುದಿಲ್ಲ), ಇನ್ನೊಂದನ್ನು ಲಿನಕ್ಸ್‌ನ ತಿರುಳಾದ ನಿಮ್ಮ ಕರ್ನೆಲ್‌ಗೆ ತಕ್ಕಂತೆ ಕಂಪೈಲ್ ಮಾಡಬೇಕು, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ಮಾಡಿಕೊಳ್ಳಬೇಕು. ಅದಕ್ಕೆ ಕರ್ನೆಲ್ ಸೋರ್ಸ್, ಅಂದರೆ ಅದರ ಮೂಲ ಕೋಡ್, ಬೇಕಾಯಿತು. ಆಗಿನ 2.6 ಆವೃತ್ತಿಯದ್ದು ಕುಗ್ಗಿಸಿದರೂ 30 ಎಂಬಿ ದಾಟುತ್ತಿತ್ತು, ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 1.44. ಇಂಟರ್ನೆಟ್ ಬರಬೇಕಾದರೆ ಇಂಟರ್ನೆಟ್ಟೇ ಬೇಕು! ಕೊನೆಗೆ ಸೈಬರ್ ಕೆಫೆಯಲ್ಲಿ ಕೂತು ಸಿಡಿಗೆ ಬರೆಸಿಕೊಂಡು ಬಂದೆ. ಅಂತೂ ಕನೆಕ್ಟ್ ಆಯಿತು, ಆದರೆ ಕರ್ನೆಲ್ ಅಪ್‌ಡೇಟ್ ಮಾಡಿದ ಕೂಡಲೇ ಮೋಡೆಮ್ ಮಾಯ, ಮತ್ತೆ ಕಂಪೈಲ್ ಮಾಡಬೇಕಾಯಿತು. ನನಗೆ ಸಿಟ್ಟು ಬಂದದ್ದು ಇದಕ್ಕೇ. ಅಂಗಡಿಯವರು ಗೊತ್ತಿಲ್ಲ ಅಂದಿದ್ದರೂ ಸಾಕಿತ್ತು.

ಡ್ರೈವರ್ ಸರಿಯಿದ್ದೂ 'ನೋ ಡಯಲ್‌ಟೋನ್' ಅಂತ ಬಂದರೆ ಕಾರ್ಡನ್ನು ಬೈಯಬೇಡಿ, ನಮ್ಮ ಎಕ್ಸ್‌ಚೇಂಜಿನ ಟೋನ್ ಕೆಲವು ಮೋಡೆಮ್‌ಗಳಿಗೆ ಗೊತ್ತಾಗುವುದಿಲ್ಲ. ಡಯಲ್ ಮಾಡುವ ಮೊದಲು ಮೋಡೆಮ್ಮಿಗೆ ಕಳಿಸುವ ಇನಿಟ್ ಸ್ಟ್ರಿಂಗಿನಲ್ಲಿ 'ಎಟಿಎಕ್ಸ್3' ಹಾಕಿದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ.

ನೀವು ಈಗ ಕೊಳ್ಳುವವರಾದರೆ ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಎಕ್ಸ್‌ಟರ್ನಲ್ ಮೋಡೆಮ್ ಕೇಳಿ. ಯುಎಸ್‌ಬಿಯದ್ದು ಬೇಡ, ಅದರಲ್ಲೂ ವಿನ್‌ಮೋಡೆಮ್ ಜಾತಿ ಇದೆ. ಸೀರಿಯಲ್‌ನದ್ದಕ್ಕೆ ರೇಟು ಜಾಸ್ತಿ, ಆದರೆ ಡ್ರೈವರಿನ ತಲೆನೋವಿಲ್ಲ, ಲಿನಕ್ಸ್‌ನಲ್ಲಿ ಅದು 'ಟಿಟಿವೈಎಸ್0' (ಮೊದಲ ಸೀರಿಯಲ್ ಪೋರ್ಟಿನ ಹೆಸರು) ಅಂತ ಸಿಗುತ್ತದೆ. ಕಾರ್ಡೇ ಸಾಕು ಅಂತಿದ್ದರೆ "ಲಿನಕ್ಸ್‌ನಲ್ಲಿ ಓಡದಿದ್ದರೆ ವಾಪಸ್" ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಬರೆಯಲ್ಲ ಅಂದರೆ ಎದ್ದು ಬನ್ನಿ. ಮತ್ತೆ ಪತ್ತನಾಜೆ (ಮೇ ಕೊನೆ, ಮಳೆಗಾಲಕ್ಕೆ ಮುಂಚೆ) ಹೊತ್ತಿನ ಗುಡುಗು ಶುರುವಾದರೆ ಮೊದಲು ಫೋನ್ ವಯರ್ ಕೀಳಿ, ಲೈನಿನಲ್ಲಿ ಸಿಡಿಲು ಬಂದರೆ ಇಂಟರ್ನಲ್ ಕಾರ್ಡಿನ ಜೊತೆ ಮದರ್‌ಬೋರ್ಡೂ ಹೋಗಬಹುದು.