ಪೀಣ್ಯದ ಕಂಪನಿ ಹಾಸ್ಟೆಲ್: ನಾಲ್ಕು ವರ್ಷ ಇದ್ದು ಬಂದವಳ ವಿಮರ್ಶೆ

ಐದಕ್ಕೆ ಮೂರು ಅಂಕ. ಮೊದಲ ವರ್ಷದ ಮಟ್ಟಿಗೆ ಕೇಳಿದರೆ ನಾಲ್ಕು ಕೊಡುತ್ತೇನೆ, ಮೂರನೆಯ ವರ್ಷದ ಮಟ್ಟಿಗೆ ಕೇಳಿದರೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ.

ನಾನು ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆಯವಳು. 2018ರಲ್ಲಿ ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಟೈಲರ್ ಆಗಿ ಸೇರಿ, 2022ರವರೆಗೆ ಅವರದೇ ಹಾಸ್ಟೆಲ್ಲಿನಲ್ಲಿದ್ದೆ. ಈಗ ಲಗ್ಗೆರೆಯಲ್ಲಿ ಬಾಡಿಗೆ ಮನೆ, ಬೇರೆ ಕಾರ್ಖಾನೆ, ಚೆಕಿಂಗ್ ಕೆಲಸ. ಆ ಕಂಪನಿಯ ಹೆಸರು ಬರೆಯುವುದಿಲ್ಲ. ಬೇರೆ ಬೇರೆ ಹಾಸ್ಟೆಲ್ಲುಗಳಲ್ಲಿರುವ ಗೆಳತಿಯರ ಮಾತು ಕೇಳಿದರೆ ಹೆಸರು ಬದಲಾದರೂ ಗೇಟು ಬದಲಾಗುವುದಿಲ್ಲ. ಊರಿನ ಹುಡುಗಿಯರು ಫೋನ್ ಮಾಡಿ, 'ಅಕ್ಕಾ, ಹಾಸ್ಟೆಲ್ ಕೊಡುತ್ತಾರಂತೆ, ಬರಲೇನು?' ಎಂದು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು, ಏಕೆಂದರೆ ಹಾಸ್ಟೆಲ್ ಗೆಲ್ಲುವುದು ಅಲ್ಲಿಯೇ. ಬೆಂಗಳೂರಿನಲ್ಲಿ ಮನೆ ಹಿಡಿಯಬೇಕೆಂದರೆ ಬಾಡಿಗೆಗಿಂತ ಮೊದಲು ಅಡ್ವಾನ್ಸ್ ಎದುರಾಗುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಈ ಊರಿನದು. ಶೀಟ್ ಮನೆಗೂ ಇಪ್ಪತ್ತು ಮೂವತ್ತು ಸಾವಿರ ಇಡು ಎನ್ನುತ್ತಾರೆ. ಊರಿನಲ್ಲಿ ಬೋರ್‌ವೆಲ್ ಸಾಲ ತೀರಿಸಲೆಂದು ಬಂದವಳ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಹಾಸ್ಟೆಲ್ಲಿಗೆ ನಾನು ತಂದದ್ದು ಒಂದು ಚೀಲ ಬಟ್ಟೆ, ಆಧಾರ್ ಕಾರ್ಡ್, ಎರಡು ಫೋಟೊ. ಅಂದು ರಾತ್ರಿಯೇ ಮಲಗಲು ಮಂಚ, ತಿನ್ನಲು ಊಟ ಸಿಕ್ಕಿತು. ಕೈಗೆ ಬರುತ್ತಿದ್ದ ಸಂಬಳ ಆಗ ಒಂಬತ್ತು ಸಾವಿರ ಮುಟ್ಟುತ್ತಿರಲಿಲ್ಲ. ಅದು ಕೈಗೆ ಬರುವ ಮುಂಚೆಯೇ ಊಟ, ವಸತಿ ಸೇರಿ ಸಾವಿರದ ಐನೂರು ಹಿಡಿಯುತ್ತಿದ್ದರು. ಕಾರ್ಖಾನೆಗೆ ನಡೆದೇ ಹೋಗುತ್ತಿದ್ದುದರಿಂದ ಬಸ್ ಖರ್ಚಿಲ್ಲ. ಆ ಮೊದಲ ವರ್ಷ ಮನೆಗೆ ಕಳುಹಿಸಿದಷ್ಟು ದುಡ್ಡನ್ನು, ಸಂಬಳ ಹೆಚ್ಚಾದ ಮೇಲೂ ಬಾಡಿಗೆ ಮನೆಯಿಂದ ಕಳುಹಿಸಲು ನನಗೆ ಆಗಿಲ್ಲ.

ಕೋಣೆಯ ವಿಷಯ ಬೇಗ ಮುಗಿಸುತ್ತೇನೆ. ಒಂದು ಕೋಣೆಗೆ ಎಂಟು ಜನ, ಒಂದರ ಮೇಲೊಂದು ಕಬ್ಬಿಣದ ಮಂಚ, ತಲೆಗೊಂದು ಟ್ರಂಕು. ಗೋಡೆಗೆ ಇದ್ದದ್ದು ಎರಡೇ ಪ್ಲಗ್. ನಮ್ಮ ಕೋಣೆಯ ಜಗಳಗಳಲ್ಲಿ ಮುಕ್ಕಾಲು ಪಾಲು ಮೊಬೈಲ್ ಚಾರ್ಜಿಂಗ್ ಜಗಳ. ಬೆಳಿಗ್ಗೆ ಸ್ನಾನಕ್ಕೆ ಬಕೆಟ್ ಸಾಲು. ಕೊನೆಯವಳಿಗೆ ತಿಂಡಿ ತಪ್ಪುತ್ತದೆ, ಇಲ್ಲವೇ ಸ್ನಾನ ತಪ್ಪುತ್ತದೆ. ಆದರೆ ನೀರಿಗೆ ಎಂದೂ ತೊಂದರೆ ಆಗಲಿಲ್ಲ ಎಂಬುದನ್ನು ಹೇಳಲೇಬೇಕು. 2024ರ ಬೇಸಿಗೆಯಲ್ಲಿ ಊರಿಗೆ ಊರೇ ನೀರಿಗಾಗಿ ಒದ್ದಾಡಿದಾಗ ನಮ್ಮ ಲಗ್ಗೆರೆ ಮನೆಯ ಬೋರ್ ಬತ್ತಿಹೋಗಿ, ಓನರ್ ದಿನ ಬಿಟ್ಟು ದಿನ ಅರ್ಧ ಗಂಟೆ ನೀರು ಬಿಡುತ್ತಿದ್ದರು. ಆಗಲೂ ಹಾಸ್ಟೆಲ್ಲಿನಲ್ಲಿದ್ದ ಗೆಳತಿಯರಿಗೆ ಟ್ಯಾಂಕರ್ ಬರುತ್ತಿತ್ತು. ಕಂಪನಿ ಕೊಳ್ಳುವ ಟ್ಯಾಂಕರಿಗೂ ಮೂರು ಹುಡುಗಿಯರು ಸೇರಿ ಕೊಳ್ಳುವ ಕೊಡಕ್ಕೂ ವ್ಯತ್ಯಾಸ ಇದ್ದೇ ಇದೆ.

ಊಟದಲ್ಲಿ ಮಾತ್ರ ನನಗೆ ಸಮಾಧಾನ ಸಿಗಲಿಲ್ಲ. ಬೆಳಿಗ್ಗೆ ಚಿತ್ರಾನ್ನ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅದೇ ಸಾರಿಗೆ ಇನ್ನಷ್ಟು ನೀರು. ಜೋಳದ ರೊಟ್ಟಿ ತಿಂದು ಬೆಳೆದವಳಿಗೆ ಮೂರು ಹೊತ್ತು ಅನ್ನ ತಿಂದರೂ ಹೊಟ್ಟೆ ಖಾಲಿ ಇದ್ದಂತೆಯೇ. ಹಾಗಾಗಿ ಊರಿನಿಂದ ಬರುವಾಗ ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿಕೊಂಡು ಬಂದು ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇಡುತ್ತಿದ್ದೆ. ಇರುವೆ ಬರುತ್ತದೆ ಎಂದು ಕೋಣೆಯಲ್ಲಿ ತಿಂಡಿ ಇಡುವುದನ್ನು ನಿಷೇಧಿಸಿದ್ದರು. ಒಲೆಯಂತೂ ದೂರದ ಮಾತು. ನಮ್ಮ ಕೋಣೆಯಲ್ಲಿ ಒಡಿಶಾದ ಹುಡುಗಿಯರೇ ಹೆಚ್ಚು. ಅವರು ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಪಖಾಳ ಎಂದು ತಿನ್ನುತ್ತಿದ್ದರು. ನನ್ನ ಶೇಂಗಾ ಹಿಂಡಿ ಅದರ ಜೊತೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಮೊದಲು ಕಂಡುಹಿಡಿದವರು ಅವರು. ಈ ಗೆಳೆತನ ಹಾಸ್ಟೆಲ್ಲಿನ ಲಾಭದ ಪಟ್ಟಿಗೆ ಸೇರಬೇಕು, ಅದಕ್ಕೆ ಯಾರೂ ಹಣ ಹಿಡಿಯಲಿಲ್ಲ.

ಇನ್ನು ಗೇಟು. ಸಂಜೆ ಏಳೂವರೆಯ ಮೇಲೆ ಹೊರಗೆ ಹೋಗುವಂತಿಲ್ಲ. ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಿಡುತ್ತಿದ್ದರು. ರಿಜಿಸ್ಟರಿನಲ್ಲಿ ಹೆಸರು, ಕೋಣೆಯ ಸಂಖ್ಯೆ, ಎಲ್ಲಿಗೆ, ಯಾರ ಜೊತೆ, ಹೋದ ಸಮಯ, ಬಂದ ಸಮಯ ಎಂದು ಆರು ಕಾಲಂ. ತಡವಾದರೆ ವಾರ್ಡನ್ ನೇರವಾಗಿ ಮನೆಗೆ ಫೋನ್ ಮಾಡುತ್ತಿದ್ದರು. ಒಮ್ಮೆ ಮೆಟ್ರೊ ನಿಂತು ಇಪ್ಪತ್ತು ನಿಮಿಷ ತಡವಾದದ್ದಕ್ಕೆ ಅಪ್ಪನಿಗೆ ಫೋನ್ ಹೋಗಿತ್ತು. ಇಪ್ಪತ್ಮೂರು ವರ್ಷದ, ಮನೆಯ ಸಾಲ ತೀರಿಸುತ್ತಿರುವ ಹೆಂಗಸಿನ ಬಗ್ಗೆ ದೂರು! ಸತ್ಯ ಹೇಳಬೇಕೆಂದರೆ ಅಪ್ಪನಿಗೆ ಈ ವ್ಯವಸ್ಥೆ ಬಹಳ ಇಷ್ಟವಾಗಿತ್ತು. ಗೇಟು ಇಲ್ಲದಿದ್ದರೆ ನನ್ನನ್ನು ಬೆಂಗಳೂರಿಗೆ ಕಳುಹಿಸುತ್ತಲೇ ಇರಲಿಲ್ಲ. ನಮ್ಮಂಥ ಎಷ್ಟೋ ಹುಡುಗಿಯರಿಗೆ ಊರು ಬಿಡಲು ಸಿಗುವ ಪರವಾನಗಿ ಈ ಗೇಟೇ.

ಆದರೆ ಗೇಟಿನ ನಿಜವಾದ ಉಪಯೋಗ ಗೊತ್ತಾದದ್ದು ಶಿಪ್‌ಮೆಂಟ್ ಹತ್ತಿರ ಬಂದಾಗ. ನಮ್ಮ ಹೊಲಿಗೆ ಲೈನಿನಲ್ಲಿ ಅರ್ಧ ಜನ ಲಗ್ಗೆರೆ, ರಾಜಗೋಪಾಲನಗರ, ಹೆಗ್ಗನಹಳ್ಳಿಯ ಮನೆಗಳಿಂದ ಬರುವವರು. ಸಂಜೆ ಗಂಟೆ ಹೊಡೆದರೆ 'ಮಗುವಿಗೆ ಹುಷಾರಿಲ್ಲ', 'ಬಸ್ ತಪ್ಪುತ್ತದೆ' ಎಂದು ಅವರು ಬ್ಯಾಗು ಹೆಗಲಿಗೇರಿಸುತ್ತಿದ್ದರು. ಆಗ ಸೂಪರ್‌ವೈಸರ್ ಕಣ್ಣು ನಮ್ಮ ಕಡೆ ತಿರುಗುತ್ತಿತ್ತು. 'ನಿಮಗೇನು, ಹಾಸ್ಟೆಲ್ಲಿನವರು, ಎಲ್ಲಿಗೆ ಹೋಗಬೇಕು?' ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸಕ್ಕೆ, ಕಾಸು ಕೊಡುತ್ತಿದ್ದರು, ಸುಳ್ಳು ಹೇಳುವುದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ವಾರ್ಡನ್ ಬಂದು ಬಾಗಿಲು ತಟ್ಟಿ, 'ಮೂರನೇ ಬ್ಯಾಚಿಗೆ ಹತ್ತು ಜನ ಬೇಕು' ಎಂದಾಗ ಇಲ್ಲ ಎನ್ನಲು ನೆವ ಇರಲಿಲ್ಲ. ಮುಟ್ಟಿನ ಹೊಟ್ಟೆನೋವಿಗೆ ರಜೆ ಹಾಕಿದರೆ, ನಿಜವಾಗಿ ಮಲಗಿದ್ದೇನೆಯೇ ಎಂದು ನೋಡಿಕೊಂಡು ಹೋಗಲು ಒಬ್ಬರು ಬರುತ್ತಿದ್ದರು. ಬಾಡಿಗೆ ಮನೆಯಲ್ಲಿರುವವಳ ಹೊಟ್ಟೆನೋವನ್ನು ಎಚ್‌ಆರ್ ಬಂದು ಪರೀಕ್ಷಿಸುವುದಿಲ್ಲ.

ಕೆಲಸ ಕೊಟ್ಟವನೇ ಮನೆಯನ್ನೂ ಕೊಟ್ಟರೆ ಜಗಳ ಎಷ್ಟು ದುಬಾರಿಯಾಗುತ್ತದೆ ಎಂಬುದನ್ನು ನನ್ನ ಮೇಲಿನ ಮಂಚದವಳಿಂದ ನೋಡಿದೆ. ಗಂಟೆಯ ಟಾರ್ಗೆಟ್ ವಿಷಯಕ್ಕೆ ಸೂಪರ್‌ವೈಸರ್ ಕೆಟ್ಟ ಮಾತಾಡಿದ, ಇವಳು ತಿರುಗಿ ಮಾತಾಡಿದಳು. ಬೇರೆಯವರಾಗಿದ್ದರೆ ಎರಡು ದಿನ ಮನೆಯಲ್ಲಿ ಕುಳಿತು, ಮೂರನೆಯ ದಿನ ಪಕ್ಕದ ಕಾರ್ಖಾನೆಯ ಗೇಟಿಗೆ ಹೋಗಿ ನಿಲ್ಲುತ್ತಿದ್ದರು. ಪೀಣ್ಯದಲ್ಲಿ ಕೈ ಚುರುಕಿರುವ ಟೈಲರಿಗೆ ಕೆಲಸದ ಬರ ಇಲ್ಲ. ಇವಳಿಗೆ ಅಂದು ಸಂಜೆಯೇ ಕೋಣೆ ಖಾಲಿ ಮಾಡಲು ಹೇಳಿದರು. ಕನ್ನಡ ಬಾರದು, ಊರು ಒಡಿಶಾದ ಸುಂದರಗಢದ ಆಚೆ, ಕೈಯಲ್ಲಿ ತಿಂಗಳ ಕೊನೆಯ ಕಾಸು. ಸೂಪರ್‌ವೈಸರ್ ಎದುರು ನಿಂತು ಕ್ಷಮೆ ಕೇಳಿ ಮತ್ತೆ ಮೆಷಿನ್ನಿಗೆ ಕುಳಿತಳು. ಅದರ ಮರುದಿನದಿಂದ ನಮ್ಮ ಕೋಣೆಯಲ್ಲಿ ಯಾರೂ ತಿರುಗಿ ಮಾತಾಡಲಿಲ್ಲ, ನಾನೂ ಸೇರಿ. ಕಾರ್ಮಿಕ ಸಂಘದ ಅಕ್ಕಂದಿರು ಕಾರ್ಖಾನೆಯ ಹೊರಗೆ ಚೀಟಿ ಹಂಚುವುದನ್ನು ಕಂಡಿದ್ದೇನೆ. ಆದರೆ ಹಾಸ್ಟೆಲ್ಲಿನ ಒಳಗೆ ಹೊರಗಿನವರಿಗೆ ಪ್ರವೇಶವಿಲ್ಲ, ಅವರು ನಮ್ಮನ್ನು ಮುಟ್ಟುವ ದಾರಿಯೇ ಇರಲಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಆಮೇಲೆ ಆ ಸಂಘದ ಅಕ್ಕಂದಿರಿಂದಲೇ ತಿಳಿದುಕೊಂಡೆ. ವಸತಿಗೆಂದು ಸಂಬಳದಲ್ಲಿ ಹಿಡಿಯಬೇಕಾದರೆ ಆ ವಸತಿಯನ್ನು ಕಾರ್ಮಿಕ ಒಪ್ಪಿಕೊಂಡಿರಬೇಕು, ಹಿಡಿಯುವ ಹಣ ಆ ವಸತಿಯ ಬೆಲೆಯನ್ನು ಮೀರಬಾರದು. 1936ರ ವೇತನ ಪಾವತಿ ಕಾಯ್ದೆಯಲ್ಲೇ ಇದಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಆ ಕಾಯ್ದೆಯ ಜಾಗಕ್ಕೆ ವೇತನ ಸಂಹಿತೆ ಬಂತು. ನನಗೆ ನಗು ಬಂದದ್ದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ವಿಷಯ ಕೇಳಿ. ಗುತ್ತಿಗೆದಾರ ಕರೆತಂದ ಕಾರ್ಮಿಕರಿಗೆ ಯೋಗ್ಯ ವಸತಿ ಕೊಡಬೇಕು ಎಂದು ಅದರಲ್ಲಿತ್ತು, ಆದರೆ ರಾಜ್ಯದ ಗಡಿ ದಾಟಿ ಬಂದವರಿಗೆ ಮಾತ್ರ. ರಾಯಚೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬರುವ ನಾನು ಆ ಕಾಯ್ದೆಯ ಕಣ್ಣಿಗೆ ವಲಸೆಗಾರಳಾಗಿರಲಿಲ್ಲ. ಹೊಸೂರಿನಿಂದ ಬೆಳಿಗ್ಗೆ ಹೊರಟು ತಿಂಡಿಯ ಹೊತ್ತಿಗೆ ಇಲ್ಲಿರುವವನು ವಲಸೆಗಾರನಾಗಿದ್ದ.

ಕಟ್ಟಡ ಕೆಲಸದವರ ಸ್ಥಿತಿ ಇನ್ನೊಂದು ಬಗೆ. ನನ್ನ ಅಣ್ಣ ವೈಟ್‌ಫೀಲ್ಡ್ ಕಡೆ ಬಾರ್ ಬೆಂಡಿಂಗ್, ಅಂದರೆ ಕಬ್ಬಿಣದ ಸರಳು ಬಗ್ಗಿಸಿ ಕಟ್ಟುವ ಕೆಲಸ, ಮಾಡುತ್ತಾನೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಪ್ರಕಾರ ಅಂಥವರಿಗೆ ತಾತ್ಕಾಲಿಕ ವಸತಿಯನ್ನು ಬಿಟ್ಟಿಯಾಗಿಯೇ ಕೊಡಬೇಕಿತ್ತು. ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಬೇರೆ ಜಾಗವೂ ಇರಬೇಕಿತ್ತು. ಅವನಿಗೆ ಸಿಕ್ಕಿದ್ದು ತಗಡಿನ ಶೆಡ್ಡು. ಮಾರ್ಚ್ ತಿಂಗಳ ಮಧ್ಯಾಹ್ನ ಅದರೊಳಗೆ ಕುಳಿತುಕೊಳ್ಳಲಾಗದೆ, ಅರೆಕಟ್ಟಿದ ಕಟ್ಟಡದ ನೆಲಮಾಳಿಗೆಯಲ್ಲಿ ಮಲಗುತ್ತಾರೆ. ಆದರೂ ಅವನು ಶೆಡ್ಡನ್ನು ಬಿಡುವುದಿಲ್ಲ. ಕಾರಣ ಕೇಳಿದರೆ 2020ರ ಜನವರಿಯನ್ನು ನೆನಪಿಸುತ್ತಾನೆ. ಆಗ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರು ಇದ್ದಾರೆ ಎಂಬ ಹೆಸರಿನಲ್ಲಿ ಗುಡಿಸಲುಗಳನ್ನು ಕೆಡವಿದರು. ಅಲ್ಲಿ ನಮ್ಮ ಉತ್ತರ ಕರ್ನಾಟಕದ ಜನವೂ ಇದ್ದರು. ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಸೈಟಿನೊಳಗಿನ ಶೆಡ್ಡಿಗೆ ಜೆಸಿಬಿ ಬರುವುದು ಕಟ್ಟಡ ಮುಗಿದ ಮೇಲೆಯೇ ಎಂಬುದು ಅವನ ಲೆಕ್ಕ.

ಲಾಕ್‌ಡೌನ್ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆ ನ್ಯಾಯದ್ದಾಗುವುದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕಾರ್ಖಾನೆ ಮುಚ್ಚಿದಾಗ ಏಪ್ರಿಲ್ ಸಂಬಳ ಅರ್ಧಕ್ಕೆ ಇಳಿಯಿತು, ಆದರೆ ಹಾಸ್ಟೆಲ್ಲಿನ ಒಲೆ ಆರಲಿಲ್ಲ. ಹೊರಗೆ ಮನೆ ಮಾಡಿಕೊಂಡಿದ್ದ ಲೈನಿನವರು ಬಾಡಿಗೆಗೂ ಅಕ್ಕಿಗೂ ಪರದಾಡುತ್ತಿದ್ದಾಗ ನಾವು ಅದೇ ನೀರು ಸಾರನ್ನು ಬೈಯುತ್ತಾ ಎರಡು ಹೊತ್ತು ಉಣ್ಣುತ್ತಿದ್ದೆವು. ಮೇ ಮೊದಲ ವಾರ ಸರ್ಕಾರ ಊರಿಗೆ ಹೋಗುವವರಿಗೆ ಬಸ್‌ಗಳನ್ನು ಉಚಿತವಾಗಿ ಬಿಟ್ಟಿತು. ಮೆಜೆಸ್ಟಿಕ್‌ನಲ್ಲಿ ನನಗೆ ಬಸ್ ಸಿಕ್ಕಿತು. ಒಡಿಶಾದವರು ಉಳಿದರು. ಅದೇ ವಾರ ಬಿಲ್ಡರುಗಳ ಜೊತೆ ಸಭೆ ನಡೆದ ಬೆನ್ನಿಗೇ ರಾಜ್ಯ ಸರ್ಕಾರ ಶ್ರಮಿಕ ರೈಲುಗಳನ್ನು ರದ್ದು ಮಾಡಿಸಿ, ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಮತ್ತೆ ಬಿಡಲು ಒಪ್ಪಿತು. ಆ ದಿನಗಳಲ್ಲಿ ನಮ್ಮ ಹಾಸ್ಟೆಲ್ಲಿನ ಗೇಟಿಗೆ ಒಂದರ ಬದಲು ಎರಡು ಬೀಗ ಬಿದ್ದವು ಎಂದು ಆಮೇಲೆ ಗೆಳತಿಯರು ಹೇಳಿದರು. ಸೋಂಕಿನ ಭಯಕ್ಕೆ ಎಂದರಂತೆ. ಇರಬಹುದು. ಕಾರ್ಖಾನೆ ತೆರೆದ ದಿನವೇ ಲೈನ್ ತುಂಬಿದ್ದೂ ನಿಜ.

ಮಾಲೀಕರು ಕೊಡುವ ಮನೆ ಎಂದರೆ ಇಷ್ಟೇ ಎಂದುಕೊಳ್ಳಬೇಡಿ. ಪೀಣ್ಯದಿಂದ ಜಾಲಹಳ್ಳಿಗೆ ಹೋದರೆ ಎಚ್‌ಎಂಟಿ, ಬಿಇಎಲ್ ಕಾಲೊನಿಗಳು ಕಾಣುತ್ತವೆ. ಮರಗಳು, ಮೈದಾನ, ಶಾಲೆ. ಅಲ್ಲಿಗೆ ಕಾರ್ಮಿಕ ಹೆಂಡತಿ ಮಕ್ಕಳ ಜೊತೆ ಬಂದ, ಕೆಲಸ ಕಾಯಂ ಆಗಿತ್ತು, ಅಡುಗೆ ಅವನ ಮನೆಯದೇ ಆಗಿತ್ತು. ಈಗಿನ ಕಂಪನಿಗಳಿಗೆ ಬೇಕಿರುವುದು ಮನೆಯಿಲ್ಲದ ಮನುಷ್ಯ, ಮಂಚದ ಅಳತೆಯವನು.

ಹೊರಗೆ ಬಂದ ಮೇಲೆ ಸ್ವರ್ಗವೇನೂ ಸಿಗಲಿಲ್ಲ. ಮೂವರು ಸೇರಿ ಮನೆ ಹುಡುಕಿದಾಗ 'ಮದುವೆ ಆಗಿಲ್ಲವೇ, ಯಾವ ಜನ, ಮಾಂಸ ತಿನ್ನುತ್ತೀರಾ' ಎಂಬ ಪ್ರಶ್ನೆಗಳನ್ನು ಎಷ್ಟು ಬಾಗಿಲುಗಳಲ್ಲಿ ಕೇಳಿದೆವೋ. ಈಗಿನ ಓನರ್ ಆಂಟಿಯೂ ಒಂಬತ್ತರ ಮೇಲೆ ಬಂದರೆ ಕಿಟಕಿಯಿಂದ ನೋಡುತ್ತಾರೆ. ನೋಡಲಿ, ಅವರು ನನ್ನ ಸಂಬಳ ಕಟ್ ಮಾಡಲಾರರು. ಬಾಡಿಗೆ ಕರಾರು ಪತ್ರ ಕೈಗೆ ಬಂದದ್ದರಿಂದ ಗೃಹಜ್ಯೋತಿಗೆ ಅರ್ಜಿ ಹಾಕಿದೆವು, ಕರೆಂಟ್ ಬಿಲ್ ಸೊನ್ನೆ. ವಿಳಾಸ ಇಲ್ಲದೆಯೂ ಸಿಗುವ ಐದು ಕಿಲೊ ಸಿಲಿಂಡರ್ ತಂದು ವಾರಕ್ಕೆರಡು ದಿನ ರೊಟ್ಟಿ ಬಡಿಯುತ್ತೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕಾರ್ಖಾನೆಗೆ ಹೋಗುವ ಬಸ್ಸಿಗೂ ಕಾಸಿಲ್ಲ. ಹಾಸ್ಟೆಲ್ ನಡೆದು ಹೋಗುವಷ್ಟು ಹತ್ತಿರ ಎಂಬ ಲಾಭ ಅಲ್ಲಿಗೆ ಅರ್ಧ ಕರಗಿತು. ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಗೆ ಬಂದ ಮರುವರ್ಷವೇ ಚೆಕಿಂಗ್ ಕೆಲಸ ಹೆಚ್ಚಿನ ಸಂಬಳಕ್ಕೆ ಸಿಗುತ್ತದೆ ಎಂದು ಗೊತ್ತಾಗಿ ಕಾರ್ಖಾನೆ ಬದಲಿಸಿದೆ. ಹಾಸ್ಟೆಲ್ಲಿನಲ್ಲಿದ್ದಾಗಲೂ ಅಂಥ ಅವಕಾಶಗಳ ಸುದ್ದಿ ಕಿವಿಗೆ ಬಿದ್ದಿತ್ತು. ಸಂದರ್ಶನಕ್ಕೆ ಹೋಗಬೇಕೆಂದರೆ ರಿಜಿಸ್ಟರಿನ 'ಎಲ್ಲಿಗೆ' ಕಾಲಂನಲ್ಲಿ ಏನು ಬರೆಯುವುದು?

2024ರ ಜುಲೈ ಬಜೆಟ್ಟಿನಲ್ಲಿ ಕೈಗಾರಿಕಾ ಕಾರ್ಮಿಕರಿಗೆ ಡಾರ್ಮಿಟರಿ ಮಾದರಿಯ ಬಾಡಿಗೆ ವಸತಿಯನ್ನು ಸರ್ಕಾರ ಮತ್ತು ಖಾಸಗಿಯವರು ಸೇರಿ ಕಟ್ಟುವ ಮಾತು ಬಂತು. ಕಟ್ಟಲಿ, ಬೇಗ ಕಟ್ಟಲಿ. ಕಾರ್ಖಾನೆ ಕಾಯ್ದೆಯ 2023ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ರಾತ್ರಿ ಪಾಳಿಯೂ ಬಂದಿರುವಾಗ ಕಾರ್ಖಾನೆಯ ಹತ್ತಿರ ಸುರಕ್ಷಿತ ಹಾಸಿಗೆ ಬೇಕೇ ಬೇಕು. ಬೀಗದ ಕೈ ಎಚ್‌ಆರ್ ಮೇಜಿನ ಡ್ರಾಯರಿನಲ್ಲಿ ಇರಬಾರದು, ನನ್ನ ಬೇಡಿಕೆ ಅಷ್ಟೇ. ಕೆಲಸ ಬಿಟ್ಟರೂ ಒಂದು ತಿಂಗಳು ಬಾಡಿಗೆ ಕಟ್ಟಿ ಅದೇ ಮಂಚದಲ್ಲಿ ಇರಬಹುದು ಎಂಬ ಒಂದೇ ಒಂದು ಸಾಲು ಕರಾರಿನಲ್ಲಿದ್ದರೆ ಆ ಒಡಿಶಾದ ಹುಡುಗಿ ಕ್ಷಮೆ ಕೇಳುತ್ತಿರಲಿಲ್ಲ.

ಬರುವ ತಿಂಗಳು ಚಿಕ್ಕಪ್ಪನ ಮಗಳು ಬರುತ್ತಿದ್ದಾಳೆ. ಹಾಸ್ಟೆಲ್ಲಿಗೇ ಸೇರು ಎಂದಿದ್ದೇನೆ. ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ ಎಂದು ಕಾಗದದಲ್ಲಿ ಬರೆಸಿಕೊಳ್ಳಬೇಕು, ಪ್ರತಿ ತಿಂಗಳ ಪೇ ಸ್ಲಿಪ್ಪಿನ ಫೋಟೊ ನನಗೆ ಕಳುಹಿಸಬೇಕು, ಮೂಲ ಅಂಕಪಟ್ಟಿಯನ್ನು ಯಾರು ಕೇಳಿದರೂ ಕೊಡಬಾರದು. ಮನೆಗೆ ಕಳುಹಿಸುವ ಮೊದಲು ತಿಂಗಳಿಗೆ ಸಾವಿರವಾದರೂ ಬೇರೆ ಖಾತೆಯಲ್ಲಿ ಇಡಬೇಕು, ಅದು ಅಡ್ವಾನ್ಸಿನ ದುಡ್ಡು. ಮುಂದಿನ ಯುಗಾದಿಗೆ ನಮ್ಮ ಮನೆಯಲ್ಲಿ ಒಬ್ಬಳು ಮದುವೆಯಾಗಿ ಹೋಗುತ್ತಾಳೆ, ಆ ಜಾಗ ಅವಳಿಗೆ. ಬರುವಾಗ ಎಲ್ಲರಿಗೂ ಸಾಲುವಷ್ಟು ಶೇಂಗಾ ಹಿಂಡಿ ತರಲು ಹೇಳಿದ್ದೇನೆ.